ಬಂದರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಎಸ್‌ಸಿಆರ್

ಮಂಗಳೂರು ಬಂದರಿನ ಒಂದು ಗುಜರಿ ಅಂಗಡಿಯಿಂದ ತಂದ ಎಸ್‌ಸಿಆರ್ ನನ್ನ ಕೆಪಾಸಿಟರ್ ವೆಲ್ಡರಿನಲ್ಲಿ ಕೂತು ಐದು ತಿಂಗಳಾಯಿತು. ಕೆಪಾಸಿಟರಿನಲ್ಲಿ ತುಂಬಿದ ಚಾರ್ಜನ್ನು ಒಂದೇ ಏಟಿಗೆ ಹರಿಸಿ ಬೆಸುಗೆ ಹಾಕುವುದು ಈ ವೆಲ್ಡರ್. ಎಸ್‌ಸಿಆರ್ ಅದರ ಸ್ವಿಚ್: ಗೇಟ್ ಎಂಬ ತುದಿಗೆ ಒಮ್ಮೆ ಸಣ್ಣ ಕರೆಂಟು ಕೊಟ್ಟರೆ ತೆರೆಯುತ್ತದೆ, ಹರಿವು ನಿಲ್ಲುವವರೆಗೆ ಮುಚ್ಚುವುದಿಲ್ಲ. ಶಾಲೆಯಲ್ಲಿ ಪಾಠ ಮುಗಿಸಿ ಬಂದ ಮೇಲೆ ಡ್ರಿಲ್ ಮೆಷಿನಿನ ಬ್ಯಾಟರಿ ಬಿಚ್ಚಿ ಒಳಗಿನ 18650 ಅಳತೆಯ ಲಿಥಿಯಂ ಸೆಲ್ ಬದಲಾಯಿಸಿ ಕೊಡುತ್ತೇನೆ. ಸೆಲ್ಲುಗಳನ್ನು ಜೋಡಿಸುವ 0.15 ಮಿಲಿಮೀಟರ್ ನಿಕ್ಕಲ್ ಪಟ್ಟಿ ಗಟ್ಟಿ ಕೂರಬೇಕಾದರೆ ಸಾವಿರ ಆಂಪಿಯರಿನ ಆಸುಪಾಸು ಕರೆಂಟು ಕೆಲವೇ ಮಿಲಿಸೆಕೆಂಡು ಹರಿಯಬೇಕು. ಅದನ್ನು ತಡೆದುಕೊಳ್ಳುವ ಸ್ವಿಚ್ ಹುಡುಕುವುದೇ ದೊಡ್ಡ ಕೆಲಸ.

ಮೊದಲು ಹಾಕಿದ್ದು ಸ್ಕೂಟರಿನ ಸ್ಟಾರ್ಟರ್ ರಿಲೇ. ನಾಲ್ಕನೇ ಸಲಕ್ಕೆ ಅದರ ಪಾಯಿಂಟುಗಳೇ ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ಆರು ಐಆರ್‌ಎಫ್‌3205 ಮಾಸ್ಫೆಟ್ (ಇದೂ ಸೆಮಿಕಂಡಕ್ಟರ್ ಸ್ವಿಚ್ಚೇ) ಪ್ಯಾರಲಲ್ ಆಗಿ ಕೂರಿಸಿದೆ. ಎರಡು ವಾರ ಚಂದ ನಡೆಯಿತು. ಕರೆಂಟನ್ನು ನಡುವೆ ಕಡಿದಾಗ ವೈರಿನ ಇಂಡಕ್ಟನ್ಸ್ ವೋಲ್ಟೇಜನ್ನು ಮೇಲಕ್ಕೆ ಎಸೆಯುತ್ತದೆ. ಅವುಗಳ ಮಿತಿ 55 ವೋಲ್ಟು, ಅದು ದಾಟಿರಬೇಕು. ಒಂದು ಶಾರ್ಟ್ ಆಗಿತ್ತು, ನನಗೆ ಗೊತ್ತಿರಲಿಲ್ಲ. ಗುಂಡಿ ಒತ್ತುವ ಮೊದಲೇ, ತಾಮ್ರದ ಮೊನೆ ಪಟ್ಟಿಗೆ ತಾಗಿದ ಕೂಡಲೇ ಕಿಡಿ ಹಾರಿತು. ಸೆಲ್ಲಿನ ತಳದಲ್ಲಿ ಸೂಜಿ ಚುಚ್ಚಿದಷ್ಟು ತೂತು, ಅದರಿಂದ ಒಂಥರಾ ಸಿಹಿ ವಾಸನೆ. ಓಡಿ ಹೋಗಿ ಅಂಗಳದ ಮರಳಿನಲ್ಲಿ ಹೂತೆ. ಕೈ ನಡುಗುತ್ತಿತ್ತು.

ಬಂದರಿನ ಗುಜರಿ ಅಂಗಡಿಯ ಕಾಕ ಎಸಿಯನ್ನು ಡಿಸಿ ಮಾಡುವ ಹಳೇ ರೆಕ್ಟಿಫಯರ್ ಬಿಚ್ಚಿ ತೆಗೆದ ಎಸ್‌ಸಿಆರ್‌ಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದಾರೆ. ಹೆಬ್ಬೆರಳು ಗಾತ್ರದ ಬೋಲ್ಟು, ಮೇಲೆ ಹೆಣೆದ ತಾಮ್ರದ ಜಡೆ. "ಮಾಸ್ಟ್ರೇ, ಹಾಗೇ ಕೊಂಡು ಹೋಗ್ಬೇಡಿ, ನೋಡಿ ಕೊಂಡು ಹೋಗಿ" ಅಂತ ಅವರೇ 12 ವೋಲ್ಟಿನ ಬ್ಯಾಟರಿ, ಬೈಕಿನ ಹೆಡ್‌ಲೈಟ್ ಬಲ್ಬು ತಂದರು. ಗೇಟಿಗೆ ವೈರು ಮುಟ್ಟಿಸಿದರೆ ಬಲ್ಬು ಹೊತ್ತಿತು, ತೆಗೆದರೂ ಹೊತ್ತಿಯೇ ಇತ್ತು. ಮೂರರಲ್ಲಿ ಒಂದು ಗೇಟು ಮುಟ್ಟುವ ಮೊದಲೇ ಹೊತ್ತಿತು; ಒಳಗೆ ಶಾರ್ಟ್ ಆದ ಅದನ್ನು ಅವರೇ ಬೇರೆ ಇಟ್ಟರು. 350 ರೂಪಾಯಿ ಕೊಟ್ಟೆ.

ಅದು ಸತತವಾಗಿ ತಾಳುವ ಸರಾಸರಿ ಕರೆಂಟು 110 ಆಂಪಿಯರ್. ಆದರೆ ಈ ಕೆಲಸಕ್ಕೆ ನೋಡಬೇಕಾದ್ದು 10 ಮಿಲಿಸೆಕೆಂಡಿನ ಸರ್ಜ್, ಅಂದರೆ ಅಷ್ಟು ಹೊತ್ತು ಮಾತ್ರ ತಾಳುವ ಕರೆಂಟು; ಅದು 2,000 ಆಂಪಿಯರಿನ ಹತ್ತಿರ ಉಂಟು. ನನ್ನದು 33,000 ಮೈಕ್ರೋಫ್ಯಾರಡಿನ ಹತ್ತು ಕೆಪಾಸಿಟರ್. 20 ವೋಲ್ಟಿಗೆ ತುಂಬಿಸಿದರೆ 66 ಜೌಲ್. ದಾರಿಯ ರೆಸಿಸ್ಟನ್ಸ್ 10 ಮಿಲಿಓಮ್ ಅಂತ ಹಿಡಿದರೂ ಮಿತಿಯೊಳಗೇ ನಿಲ್ಲುತ್ತದೆ, ಮೂರು ಮಿಲಿಸೆಕೆಂಡಿನಲ್ಲಿ ಹೆಚ್ಚಿನದ್ದೆಲ್ಲ ಖಾಲಿ. ಗೇಟಿಗೆ ಮಾತ್ರ ಧಾರಾಳವಾಗಿ ಕೊಡಬೇಕು. ನಾನು 12 ವೋಲ್ಟಿನಿಂದ 47 ಓಮ್ ಮೂಲಕ ಕೊಡುತ್ತೇನೆ. ಗೇಟು ಬಡವಾದರೆ ಒಳಗೆ ಒಂದೇ ಮೂಲೆ ತೆರೆದು ಅಷ್ಟೂ ಕರೆಂಟು ಅಲ್ಲೇ ನುಗ್ಗಿ ಸುಡುತ್ತದೆ.

ಕೊರತೆ ಇಲ್ಲವೆಂದಲ್ಲ. ಕೆಲವು ವೋಲ್ಟು ಅದರಲ್ಲೇ ಹೋಗುತ್ತದೆ. ನಡುವೆ ನಿಲ್ಲಿಸಲಿಕ್ಕೆ ಆಗುವುದಿಲ್ಲ, ಹಾಗಾಗಿ ಏಟಿನ ಜೋರನ್ನು ಚಾರ್ಜಿಂಗ್ ವೋಲ್ಟೇಜಿನಲ್ಲೇ ಹೆಚ್ಚುಕಡಿಮೆ ಮಾಡಬೇಕು. ಮೊದಲ ದಿನ ಎರಡನೇ ಏಟು ಬರಲೇ ಇಲ್ಲ: ಚಾರ್ಜರಿನ 2 ಆಂಪಿಯರ್ ಹರಿಯುತ್ತಲೇ ಇದ್ದು ಎಸ್‌ಸಿಆರ್ ಮುಚ್ಚಿರಲಿಲ್ಲ. ಈಗ ಪೆಡಲ್ ಒತ್ತುವಾಗ ಚಾರ್ಜರ್ ಕಡಿದುಹೋಗುವ ಹಾಗೆ ಸಣ್ಣ ರಿಲೇ ಹಾಕಿದ್ದೇನೆ.

ನಿನ್ನೆ ಇಕ್ಕಳದಿಂದ ಪಟ್ಟಿ ಕಿತ್ತು ನೋಡಿದೆ. ಪಟ್ಟಿಯೇ ಹರಿಯಿತು, ಬೆಸುಗೆಯ ನಾಲ್ಕು ಚುಕ್ಕೆ ಸೆಲ್ಲಿನ ಮೇಲೇ ಉಳಿದವು.

ಅಂಗಡಿ ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ. ಬೆಳಿಗ್ಗೆಯೇ ಹೋಗಿ, ಬಲ್ಬು ಹೊತ್ತಿಸಿ ನೋಡಿಯೇ ತನ್ನಿ.