ಜರ್ಮನಿಯ ಸೆಮಿಸ್ಟರ್ ಟಿಕೆಟ್: ಕ್ಲಾಸಿಗೂ ಸೈ, ತಿರುಗಾಟಕ್ಕೂ ಸೈ, ಐಸಿಇಗೆ ಮಾತ್ರ ಅಲ್ಲ

ಡಾಯ್ಚ್‌ಲಾಂಡ್ ಸೆಮಿಸ್ಟರ್ ಟಿಕೆಟ್ ಅಂದರೆ ಜರ್ಮನಿಯಲ್ಲಿ ಓದುವವರ ಬಸ್ ಪಾಸು. ಆದರೆ ಒಂದು ಊರಿನ ಪಾಸಲ್ಲ, ಇಡೀ ದೇಶದ್ದು. 2024ರ ಬೇಸಿಗೆ ಸೆಮಿಸ್ಟರ್‌ನಲ್ಲಿ ಬಂದಾಗ ತಿಂಗಳಿಗೆ 29.40 ಯೂರೊ, ಆರು ತಿಂಗಳಿಗೆ 176.40. ಸಾರ್ವಜನಿಕರ ಡಾಯ್ಚ್‌ಲಾಂಡ್ ಟಿಕೆಟ್‌ನ ಬೆಲೆಯಲ್ಲಿ ಶೇ. 60 ಎಂಬುದು ಲೆಕ್ಕ; 2025ರಲ್ಲಿ ಅದು 49ರಿಂದ 58 ಯೂರೊಗೆ ಏರಿದ ಮೇಲೆ ಇದೂ 34.80ಕ್ಕೆ ಹತ್ತಿತು. ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ, ಒಪ್ಪಂದ ಮಾಡಿಕೊಂಡ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದೊಳಗೇ ಸೇರಿರುತ್ತದೆ. ಒಪ್ಪಂದ ಎಲ್ಲ ಕಡೆ ಇಲ್ಲ. ಹಾಗಾಗಿ ಶುಲ್ಕದ ವಿವರದಲ್ಲಿ ಆ ಸಾಲು ಇದೆಯೋ ಇಲ್ಲವೋ ಮೊದಲು ನೋಡಿ.

ಹೊಸಬರು ಕೈ ಸುಟ್ಟುಕೊಳ್ಳುವುದು ಸೆಪ್ಟೆಂಬರ್‌ನಲ್ಲಿ. ಚಳಿಗಾಲದ ಸೆಮಿಸ್ಟರ್ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಲೆಕ್ಕಕ್ಕೆ ಬರುವುದು ಅಕ್ಟೋಬರ್ 1ರಿಂದ. ಪ್ರವೇಶ ಸಿಕ್ಕಿದ್ದರೂ, ಶುಲ್ಕ ಕಟ್ಟಿದ್ದರೂ ಅಲ್ಲಿಯವರೆಗೆ ಈ ಟಿಕೆಟ್ ನಡೆಯದು. ಮಧ್ಯೆ ಒಂದು ತಿಂಗಳಿಗೆಂದು ಸಾಮಾನ್ಯ ಡಾಯ್ಚ್‌ಲಾಂಡ್ ಟಿಕೆಟ್ ಕೊಂಡರೆ ಅದು ಚಂದಾ, ತಾನಾಗಿ ನಿಲ್ಲುವುದಿಲ್ಲ. ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಿದರೆ ಆ ತಿಂಗಳ ಕೊನೆಗೆ ಮುಗಿಯುತ್ತದೆ. ತಡವಾದರೆ ಅಕ್ಟೋಬರ್‌ನ ದುಡ್ಡೂ ಖಾತೆಯಿಂದ ಹೋಗುತ್ತದೆ, ಜೇಬಿನಲ್ಲಿ ಎರಡೆರಡು ಟಿಕೆಟ್.

ದಿನದ ಓಡಾಟಕ್ಕೆ ಇದರಲ್ಲಿ ಹುಳುಕು ಹುಡುಕುವುದು ಕಷ್ಟ. ಬಸ್ಸು, ಟ್ರಾಮ್, ಉ-ಬಾನ್ (ಮೆಟ್ರೊ), ಎಸ್-ಬಾನ್ (ಉಪನಗರ ರೈಲು) ಯಾವುದಕ್ಕಾದರೂ ಹತ್ತಿ, ಮುದ್ರೆ ಒತ್ತಿಸುವ ಕೆಲಸವಿಲ್ಲ. ವೇಳಾಪಟ್ಟಿಯಲ್ಲಿ ‘10 ಸಿ.ಟಿ.’ ಎಂದಿದ್ದರೆ ಕ್ಲಾಸ್ ಶುರುವಾಗುವುದು 10.15ಕ್ಕೆ, ಆ ಕಾಲು ಗಂಟೆಯಲ್ಲಿ ಒಂದು ಬಸ್ಸು ತಪ್ಪಿದರೂ ನಡೆಯುತ್ತದೆ. ‘ಎಸ್.ಟಿ.’ ಎಂದಿದ್ದರೆ ಮಾತ್ರ ಹತ್ತು ಅಂದರೆ ಹತ್ತೇ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ವಿದ್ಯಾರ್ಥಿ ದರ ಸಿಗುವುದು ಗುರುತಿನ ಕಾರ್ಡ್ ತೋರಿಸಿದರೆ. ಅದೇ ಕಾರ್ಡ್ ಅನೇಕ ಕಡೆ ಟಿಕೆಟ್ ಜೊತೆಗೂ ಬೇಕಾಗುತ್ತದೆ, ಮನೆಯಲ್ಲಿ ಬಿಟ್ಟು ಬರಬೇಡಿ.

ಇನ್ನು ವಾರಾಂತ್ಯ. ಆರ್‌ಇ, ಆರ್‌ಬಿ, ಎಸ್ ಎಂದು ಶುರುವಾಗುವ ಪ್ರಾದೇಶಿಕ ರೈಲು ನಿಮ್ಮದು. ಐಸಿಇ, ಐಸಿ, ಇಸಿ ಎಂಬ ದೂರದೂರಿನ ವೇಗದ ರೈಲುಗಳು ನಿಮ್ಮದಲ್ಲ, ಊರೂರಿಗೆ ಓಡುವ ಖಾಸಗಿ ಫ್ಲಿಕ್ಸ್ ಬಸ್ಸೂ ಅಲ್ಲ. ಒಂದೇ ಪ್ಲಾಟ್‌ಫಾರ್ಮಿಗೆ ಹತ್ತು ನಿಮಿಷದ ಅಂತರದಲ್ಲಿ ಎರಡೂ ಬಗೆಯ ರೈಲು ಬರುತ್ತವೆ, ಗಡಿಬಿಡಿಯಲ್ಲಿ ಬೋರ್ಡ್ ನೋಡದೆ ಹತ್ತಿದರೆ ಕಥೆ ಮುಗಿಯಿತು. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುವ ರೈಲುಗಳನ್ನಷ್ಟೇ ತೋರಿಸುವ ಆಯ್ಕೆ ಇದೆ. ಅದನ್ನು ಒತ್ತಿ ನಂತರವೇ ಹುಡುಕಿ. ಆರ್‌ಇ ಕಿಕ್ಕಿರಿದಿದೆ ಎಂದು ‘1’ ಎಂಬ ಅಂಕಿ ಬರೆದ ಭಾಗದಲ್ಲಿ ಕೂತರೂ ದಂಡವೇ, ಟಿಕೆಟ್ ಎರಡನೇ ದರ್ಜೆಯದು.

ದಂಡ 60 ಯೂರೊ. ಟಿಕೆಟ್ ಇದ್ದೂ ತೋರಿಸಲಾಗದಿದ್ದರೆ ಆಮೇಲೆ ಕಚೇರಿಗೆ ಒಯ್ದು ತೋರಿಸಿ 7 ಯೂರೊಗೆ ಇಳಿಸಿಕೊಳ್ಳಬಹುದು. ಮೊಬೈಲ್ ಬ್ಯಾಟರಿ ಸತ್ತಿತೆಂದರೆ ತಪಾಸಣೆಯ ಹೊತ್ತಿಗೆ ಯಾರೂ ಬಿಡುವುದಿಲ್ಲ, ಸ್ಕ್ರೀನ್‌ಶಾಟನ್ನೂ ನೆಚ್ಚಬೇಡಿ. ಪವರ್ ಬ್ಯಾಂಕ್ ಈ ಟಿಕೆಟ್‌ನ ಅಂಗವೆಂದೇ ತಿಳಿಯಿರಿ.

ಮ್ಯೂನಿಕ್‌ನಿಂದ ದಕ್ಷಿಣದ ಬೆಟ್ಟಗಳಿಗೆ ಹೋಗುವ ರೈಲು ಇನ್ನೊಂದು ಪಾಠ. ಒಂದೇ ಗಾಡಿಯಾಗಿ ಹೊರಟು ಹೋಲ್ಟ್ಸ್‌ಕಿರ್ಶೆನ್‌ನಲ್ಲಿ ಒಂದು ತುಂಡು ಬೈರಿಷ್‌ಟ್ಸೆಲ್ ಕಡೆಗೆ ಕಳಚಿಕೊಳ್ಳುತ್ತದೆ, ಶಾಫ್ಟ್‌ಲಾಕ್‌ನಲ್ಲಿ ಉಳಿದದ್ದೂ ಎರಡಾಗಿ ಒಂದು ಟೆಗರ್ನ್‌ಸೇಗೆ, ಮತ್ತೊಂದು ಲೆಂಗ್‌ಗ್ರೀಸ್‌ಗೆ. ಸರಿಯಾದ ರೈಲು ಹತ್ತಿದರೆ ಸಾಲದು, ಸರಿಯಾದ ಡಬ್ಬಿಯೂ ಬೇಕು. ಊರಿನ ಹೆಸರು ಡಬ್ಬಿಯ ಮೇಲಿನ ಫಲಕದಲ್ಲೇ ಇರುತ್ತದೆ, ಹತ್ತುವ ಮುಂಚೆ ತಲೆ ಎತ್ತಿ ಓದಿ.

ಆಸ್ಟ್ರಿಯದ ಸಾಲ್ಸ್‌ಬುರ್ಗ್ ಮುಖ್ಯ ನಿಲ್ದಾಣದವರೆಗೂ ಇದು ನಡೆಯುತ್ತದೆ, ಅಲ್ಲಿನ ಊರೊಳಗಿನ ಬಸ್ಸಿಗೆ ನಡೆಯದು. ವಾಪಸು ಬರುವಾಗ ಗಡಿಯಲ್ಲಿ ಪೊಲೀಸರು ಹತ್ತಬಹುದು, ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕಾರ್ಡ್ ಎರಡೂ ಅಸಲಿಯೇ ಬೇಕು.

ದೂರದ ಪ್ರಯಾಣಕ್ಕೆ ಮಾತ್ರ ಈ ಟಿಕೆಟ್ ನಮ್ಮ ಆಯ್ಕೆಯಲ್ಲ. ಕಲೋನ್‌ನಿಂದ ಬರ್ಲಿನ್‌ಗೆ ಐಸಿಇಯಲ್ಲಿ ನಾಲ್ಕೂವರೆ ಗಂಟೆಯ ಹಾದಿ. ಇದರಲ್ಲಾದರೆ ಮಿಂಡನ್, ಬ್ರೌನ್‌ಶ್ವೈಗ್, ಮಾಗ್ಡೆಬುರ್ಗ್ ಎಂದು ಗಾಡಿ ಬದಲಿಸುತ್ತ ಎಂಟು ಗಂಟೆಗೂ ಮೇಲೆ, ಅದೂ ಯಾವ ಕೊಂಡಿಯೂ ತಪ್ಪದಿದ್ದರೆ. ರೈಲು ತಡವಾಯಿತೆಂದು ಇದೇ ಟಿಕೆಟ್‌ನಲ್ಲಿ ಐಸಿಇ ಹತ್ತುವಂತಿಲ್ಲ. ಒಂದು ಗಂಟೆ ತಡಕ್ಕೆ ಪರಿಹಾರ 1.50 ಯೂರೊ, ಆದರೆ 4 ಯೂರೊಗಿಂತ ಕಡಿಮೆ ಮೊತ್ತ ಕೊಡುವುದಿಲ್ಲ. ಅಂದರೆ ಮೂರು ಸಲ ತಡವಾಗಬೇಕು, ಮೂರರ ದಾಖಲೆಯನ್ನೂ ಕೂಡಿಟ್ಟು ಒಟ್ಟಿಗೆ ಕಳಿಸಬೇಕು!

ಶನಿವಾರ, ಭಾನುವಾರ ಹಳಿ ದುರಸ್ತಿಯಿದ್ದರೆ ರೈಲಿನ ಬದಲು ಬಸ್ಸು ಬಿಡುತ್ತಾರೆ. ಅದಕ್ಕೂ ಇದೇ ಟಿಕೆಟ್ ಸಾಕು. ಆದರೆ ಆ ಬಸ್ಸು ನಿಲ್ಲುವ ಜಾಗ ನಿಲ್ದಾಣದ ಬಾಗಿಲಲ್ಲೇ ಇರಬೇಕೆಂದಿಲ್ಲ, ‘ಎರ್ಸಾಟ್ಸ್‌ಫೆರ್ಕೇರ್’ (ಬದಲಿ ಸಾರಿಗೆ) ಎಂಬ ಬಾಣದ ಗುರುತು ಹಿಡಿದು ಹೋಗಿ. ಹತ್ತು ನಿಮಿಷ ಮೊದಲೇ ಅಲ್ಲಿಗೆ ಬನ್ನಿ.