ಗೊರಕೆಗೆ ಎಣ್ಣೆ ಹಚ್ಕೊಂಡು ಎಂಟು ತಿಂಗಳು ಹಾಳು ಮಾಡ್ಕೊಂಡ್ವಿ, ನೀವು ಮಾಡ್ಕೋಬೇಡಿ

ನಮ್ಮ ಯಜಮಾನ್ರ ಗೊರಕೆ ಹಾಲ್‌ನಲ್ಲಿ ಮಲಗಿರೋ ಅತ್ತೆಗೂ ಕೇಳ್ಸುತ್ತೆ. ಹೋದ ವರ್ಷ ಊಟಿಗೆ ಹೋದಾಗ ರಸ್ತೆ ಪಕ್ಕದ ಅಂಗಡಿಯವ್ನು "ಮೂಗಿನ ಹತ್ರ ಎರಡು ಹನಿ ಹಚ್ಚಿ ಮೇಡಂ, ಗೊರಕೆ ನಿಂತೇ ಹೋಗುತ್ತೆ" ಅಂತ ನೀಲಗಿರಿ ಎಣ್ಣೆ ಕೊಟ್ಟ, ಮೈಸೂರಿಗೆ ವಾಪಸ್ ಬಂದು ಯೂಟ್ಯೂಬ್ ನೋಡಿ 1,600 ರೂಪಾಯಿ ಕೊಟ್ಟು ಡಿಫ್ಯೂಸರ್ (ಎಣ್ಣೆ ಪರಿಮಳನ ಹಬೆ ತರ ರೂಮಿಗೆ ಬಿಡೋ ಮಿಷಿನ್ನು), ಪೆಪ್ಪರ್‌ಮಿಂಟ್ ಎಣ್ಣೆ, ಲ್ಯಾವೆಂಡರ್ ಎಣ್ಣೆ ಎಲ್ಲಾ ತರಿಸ್ದೆ.

ಮೊದಲ್ನೇ ರಾತ್ರಿನೇ "ಮೂಗು ಬಿಟ್ಕೊಂಡಂಗಾಯ್ತು ಕಣೇ" ಅಂದ್ರು. ನಾನು ಎಚ್ಚರ ಇದ್ದು ಕೇಳ್ತಾ ಮಲ್ಗಿದ್ದೆ, ಜೋರಾಗಿ ಗೊರಕೆ ಹೊಡೀತಿದ್ದೋರು ಇದ್ದಕ್ಕಿದ್ದಂಗೆ ಗಪ್‌ಚುಪ್, ಆಹಾ ಎಣ್ಣೆ ಕೆಲ್ಸ ಮಾಡ್ತಿದೆ ಅಂತ ಖುಷಿಯಾಗಿ ನಿದ್ದೆ ಮಾಡ್ಬಿಟ್ಟೆ. ಈಗ ಅದನ್ನ ನೆನೆಸ್ಕೊಂಡ್ರೆ ಹೊಟ್ಟೆಲಿ ಏನೋ ಆಗುತ್ತೆ.

ಆ ಬಾಟ್ಲಿಯಿಂದ ಒಂದು ಹನಿ ಟೀಪಾಯಿ ಮೇಲೆ ಬಿದ್ದು ಪಾಲಿಶ್ ಎದ್ದು ಬಂದಿತ್ತು. ಅದನ್ನ ಕಣ್ಣಾರೆ ನೋಡಿನೂ ಅದೇ ಎಣ್ಣೆನ ಕೊಬ್ರಿ ಎಣ್ಣೆ ಕೂಡ ಬೆರೆಸದೇ ಹಂಗೇ ಮೂಗಿನ ಕೆಳಗೆ ಹಚ್ತಿದ್ದೆ ಅಂದ್ರೆ ನನ್ನ ಬುದ್ಧಿ ನೋಡಿ. ನಾಲ್ಕನೇ ದಿನಕ್ಕೆ ಮೀಸೆ ಜಾಗ ಕೆಂಪಗಾಗಿ ಚರ್ಮ ಸುಲೀತು. ಡಿಫ್ಯೂಸರ್ ಹೊಗೆಗೆ ನಮ್ಮ ನಾಲ್ಕು ವರ್ಷದ ಮಗಳಿಗೆ ರಾತ್ರಿ ಎಲ್ಲಾ ಕೆಮ್ಮು, ಅದಕ್ಕೂ ಎಣ್ಣೆನೇ ಕಾರಣ ಅಂತ ಹೊಳೀಲೇ ಇಲ್ಲ, ಹವಾ ಅಂದ್ಕೊಂಡ್ವಿ.

ಕೊನೆಗೆ ಒಂದಿನ ರಿಂಗ್ ರೋಡ್ ಸಿಗ್ನಲ್‌ನಲ್ಲಿ ಕಾರ್ ನಿಲ್ಸಿದ ಯಜಮಾನ್ರು ಸ್ಟೇರಿಂಗ್ ಮೇಲೆ ತಲೆ ಇಟ್ಟು ನಿದ್ದೆ ಹೋದ್ರು, ಹಿಂದಿನೋರು ಹಾರ್ನ್ ಹೊಡೆದಾಗ್ಲೇ ಎಚ್ಚರ. ಅವತ್ತು ರಾತ್ರಿ ಫೋನಲ್ಲಿ ರೆಕಾರ್ಡ್ ಮಾಡಿ ಇಎನ್‌ಟಿ ಡಾಕ್ಟ್ರಿಗೆ ಕೇಳಿಸ್ದೆ. ಗೊರಕೆ, ಆಮೇಲೆ ಸದ್ದೇ ಇಲ್ಲ, ನಾನು ಎಣಿಸ್ದೆ 22 ಸೆಕೆಂಡು, ಆಮೇಲೆ ನೀರಲ್ಲಿ ಮುಳುಗಿ ಎದ್ದೋರ ತರ ಒಂದು ಏದುಸಿರು. ನಾನು ಗೊರಕೆ ನಿಂತಿತು ಅಂದ್ಕೊಂಡಿದ್ನಲ್ಲ, ನಿಂತಿದ್ದು ಉಸಿರು.

ಸ್ಲೀಪ್ ಸ್ಟಡಿಲಿ, ಅಂದ್ರೆ ನಿದ್ದೇಲಿ ಉಸಿರು ಹೆಂಗಿದೆ ಅಂತ ಅಳೆಯೋ ಟೆಸ್ಟಲ್ಲಿ, ಗಂಟೆಗೆ 41 ಸಲ ಉಸಿರು ನಿಲ್ಲೋದು ಇಲ್ಲಾ ಕಮ್ಮಿಯಾಗೋದು ಅಂತ ಬಂತು. 5ರ ಒಳಗಿದ್ರೆ ನಾರ್ಮಲ್, 30 ದಾಟಿದ್ರೆ ಸಿವಿಯರ್ ಅಂತೆ. ಡಾಕ್ಟ್ರು ಹೇಳಿದ್ದು ಇಷ್ಟು: ಪೆಪ್ಪರ್‌ಮಿಂಟ್‌ನಲ್ಲಿರೋ ಮೆಂಥಾಲ್ ಮೂಗಿನ ತಂಪು ಗೊತ್ತಾಗೋ ನರಗಳನ್ನ ಚುಚ್ಚುತ್ತೆ, ಗಾಳಿ ಚೆನ್ನಾಗಿ ಹೋಗ್ತಿದೆ ಅಂತ ಅನ್ನಿಸುತ್ತೆ ಅಷ್ಟೇ, ನೀಲಗಿರಿದೂ ಹಂಗೇ, ಇವ್ರದ್ದು ಮುಚ್ಕೋತಿದ್ದಿದ್ದು ಮೂಗಲ್ಲ, ನಾಲಿಗೆ ಹಿಂದೆ ಗಂಟಲು, ಅಲ್ಲಿಗೆ ಯಾವ ಪರಿಮಳ ಹೋಗಿ ಏನು ಮಾಡುತ್ತೆ? ನೆಗಡಿಗೆ ಮೂಗು ಕಟ್ಟಿದ್ರೆ ಸ್ವಲ್ಪ ಹಾಯ್ ಅನ್ಸಬಹುದು ಅಂದ್ರು, ಅದನ್ನ ನಾನೂ ಒಪ್ತೀನಿ.

ಮಕ್ಕಳಿರೋ ಮನೆಯೋರು ಇನ್ನೊಂದು ಕೇಳಿ. ನೀಲಗಿರಿ ಎಣ್ಣೆ, ಕರ್ಪೂರ ಹೊಟ್ಟೆಗೆ ಒಂದು ಚಮಚ ಹೋದ್ರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಬರೀ ಮೂಸಿ, ಹಚ್ಕೊಂಡು ಫಿಟ್ಸ್ ಬಂದ ದೊಡ್ಡೋರನ್ನೂ ಬೆಂಗಳೂರಿನ ನರರೋಗ ಡಾಕ್ಟ್ರುಗಳು ನೋಡಿ ಬರ್ದಿದಾರೆ. ಬೆಕ್ಕು ಸಾಕಿದೋರು ಡಿಫ್ಯೂಸರ್ ತರ್ಲೇಬೇಡಿ, ಅವುಗಳ ಲಿವರ್‌ಗೆ ಇದನ್ನ ಕರಗಿಸೋ ಶಕ್ತಿ ತುಂಬಾ ಕಮ್ಮಿ.

ಈಗ ಯಜಮಾನ್ರು ಸಿಪ್ಯಾಪ್, ಅಂದ್ರೆ ಗಂಟಲು ಮುಚ್ಕೊಳ್ದಂಗೆ ಮಾಸ್ಕಿಂದ ಗಾಳಿ ಒತ್ತಿ ಕಳ್ಸೋ ಮಿಷಿನ್ನು, ಹಾಕ್ಕೊಂಡು ಮಲಗ್ತಾರೆ. ಮೊದಲ ವಾರ ಆ ಮಾಸ್ಕ್ ನೋಡಿ ಮಗಳು ಅಪ್ಪ ಆನೆ ಅಂತ ನಕ್ಕಿದ್ದೇ ನಕ್ಕಿದ್ದು. ಊಟಿ ಬಾಟ್ಲಿಲಿ ಇನ್ನೂ ಅರ್ಧ ಎಣ್ಣೆ ಇದೆ, ಅಟ್ಟದ ಮೇಲಿಟ್ಟಿದೀನಿ, ಸ್ಟೀಲ್ ಡಬ್ಬಿಗೆ ಅಂಟಿರೋ ಸ್ಟಿಕ್ಕರ್ ಗೋಂದು ತೆಗೆಯೋಕೆ ಮಾತ್ರ ಚೆನ್ನಾಗಿದೆ.