ವಾಲ್ವ್ ಬಾಕ್ಸಿನ ಮುಚ್ಚಳಕ್ಕೆ ಗ್ಲಾಸ್, ಕ್ಯಾಲ್ಸಿಯಂ, ನಾರು, ಟಾಲ್ಕ್: ನನ್ನ ವೋಟು ಟಾಲ್ಕಿಗೆ

ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಮೋಲ್ಡಿಂಗ್ ಶೆಡ್ಡು. ಅಡಿಕೆ ತೋಟದ ಸ್ಪ್ರಿಂಕ್ಲರ್ ವಾಲ್ವ್ ಬಾಕ್ಸಿಗೆ ಚೌಕದ ಮುಚ್ಚಳ ಮಾಡುತ್ತೇವೆ, ಹೆಚ್ಚುಕಡಿಮೆ ಒಂದಡಿ ಅಗಲದ್ದು. ಬರೀ ಪಿಪಿಯಲ್ಲಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಮಾಡಿದ್ದು ಕಾಲಿಟ್ಟರೆ ಬಗ್ಗುತ್ತದೆ ಎಂದು ಪುತ್ತೂರು, ಸುಳ್ಯ ಕಡೆಯವರ ದೂರು. ಹಾಗಾಗಿ ಏನಾದರೂ ಬೆರೆಸಲೇಬೇಕಿತ್ತು. ನಾಲ್ಕು ಬಗೆಯ ಮಾಲನ್ನೂ ಒಂದೇ ಅಚ್ಚಿಗೆ ಹಾಕಿ ನೋಡಿದೆ. ಈಗ ಓಡುತ್ತಿರುವುದು 20% ಟಾಲ್ಕ್ ಎಂಬ ಕಲ್ಲಿನ ಪುಡಿ ಹಾಕಿದ ಪಿಪಿ. ಅದನ್ನು ಬಿಡುವ ಯೋಚನೆ ಸದ್ಯಕ್ಕಿಲ್ಲ.

ಮೊದಲು ತಂದದ್ದು ಮಾತ್ರ ಗ್ಲಾಸ್. "ಇದರಷ್ಟು ಗಟ್ಟಿ ಬೇರೆ ಯಾವುದೂ ಇಲ್ಲ ಮಾರಾಯ್ರೆ" ಎಂದು ಮಾಲು ಕೊಡುವವರು ಹೇಳಿದರು. ಸುಳ್ಳಲ್ಲ. 30% ಗ್ಲಾಸ್ ಫೈಬರ್ ಹಾಕಿದರೆ ಪಿಪಿಯ ಬಿಗಿತ ಸುಮಾರು ನಾಲ್ಕು ಪಟ್ಟಾಗುತ್ತದೆ. ಮುಚ್ಚಳದ ಮೇಲೆ ನಿಂತರೂ ಅಲುಗಲಿಲ್ಲ. ಆದರೆ ಅದು ಬಾಕ್ಸಿನ ಮೇಲೆ ಸರಿಯಾಗಿ ಕೂರಲೇ ಇಲ್ಲ! ಎರಡು ಮೂಲೆ ಮೇಲೆ, ಎರಡು ಮೂಲೆ ಕೆಳಗೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ.

ಇದಕ್ಕೆ ಕಾರಣ ಉಂಟು. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿಯುವಾಗ ಗ್ಲಾಸಿನ ಎಳೆಗಳು ಹೊಳೆಯಲ್ಲಿ ತೇಲುವ ಬೈಹುಲ್ಲಿನ ಹಾಗೆ ಹರಿವಿನ ದಿಕ್ಕಿಗೇ ತಿರುಗಿ ಮಲಗುತ್ತವೆ. ಆ ದಿಕ್ಕಿನಲ್ಲಿ ತಣಿಯುವಾಗ ಕುಗ್ಗುವುದು 0.3% ಆಸುಪಾಸು. ಅಡ್ಡಕ್ಕೆ ಸುಮಾರು 1%. ಒಂದಡಿಯ ಮುಚ್ಚಳದಲ್ಲಿ ಒಂದು ಮಗ್ಗುಲು 1 ಮಿಲಿಮೀಟರ್ ಕುಗ್ಗಿದರೆ ಇನ್ನೊಂದು ಮಗ್ಗುಲು 3 ಮಿಲಿಮೀಟರ್. ಆಮೇಲೆ ಅದು ಸಪಾಟಾಗಿ ಉಳಿಯುವುದು ಹೇಗೆ?

ಕೂಲಿಂಗ್ ಟೈಮ್ ಜಾಸ್ತಿ ಮಾಡಿದೆ. ದಿನದ ಉತ್ಪಾದನೆ ಕಡಿಮೆಯಾಯಿತು, ಸೊಟ್ಟ ಹಾಗೇ ಉಳಿಯಿತು. ಕರಗಿದ ಮಾಲು ಅಚ್ಚಿನೊಳಗೆ ನುಗ್ಗುವ ಬಾಯಿ, ಅಂದರೆ ಗೇಟನ್ನು ಬದಿಯಿಂದ ನಡುವಿಗೆ ತಂದೆ, ಸೊಟ್ಟದ ಆಕಾರ ಬದಲಾಯಿತು ಅಷ್ಟೆ. ಬಿಸಿ ಮುಚ್ಚಳದ ಮೇಲೆ ಕಬ್ಬಿಣದ ಹಲಗೆ ಹೇರಿ ಇಟ್ಟೆವು. ಮೇಜಿನ ಮೇಲೆ ಸಪಾಟಾಗಿಯೇ ಇತ್ತು. ಬಿಸಿಲಿಗೆ ಇಟ್ಟ ಮೇಲೆ ಮತ್ತೆ ಎದ್ದಿತು. ಅರ್ಧ ಗ್ಲಾಸು ಅರ್ಧ ಟಾಲ್ಕು ಬೆರೆಸಿದಾಗ ಸೊಟ್ಟ ನಿಜಕ್ಕೂ ಕಡಿಮೆಯಾಯಿತು. ರೇಟು ಮಾತ್ರ ಅಷ್ಟೇನೂ ಇಳಿಯಲಿಲ್ಲ.

ಇನ್ನೂ ಒಂದು ವಿಷಯ. ಗಾಜು ಉಕ್ಕನ್ನು ಸವೆಸುತ್ತದೆ. ನಮ್ಮ ಹಳೇ ಮೆಷಿನ್ನಿನಲ್ಲಿ ಮಾಲನ್ನು ಕರಗಿಸಿ ತಳ್ಳುವ ಸ್ಕ್ರೂ, ಅದರ ಸುತ್ತಲಿನ ಬ್ಯಾರಲ್ ಮಾಮೂಲಿಯವು. ಅವನ್ನು ಬದಲಿಸುವ ದುಡ್ಡು ಮುಚ್ಚಳದ ಲಾಭದಲ್ಲಿ ಹುಟ್ಟುವುದಿಲ್ಲ. ಬಿಸಿಲಿಗೆ ಮೇಲ್ಪದರ ಸವೆದರೆ ಎಳೆಗಳು ಹೊರಗೆ ಬಂದು ಕೈ ತುರಿಸುವುದೂ ಉಂಟು.

ಟಾಲ್ಕ್ ಮುಖದ ಪೌಡರಿನ ಕಲ್ಲೇ. ಕಲ್ಲುಗಳಲ್ಲಿ ಅತಿ ಮೆದು, ಕಲ್ಲಿನ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ 1. ಮೆಷಿನ್ನಿಗೆ ತೊಂದರೆಯಿಲ್ಲ. ತೆಳ್ಳಗಿನ ಚಪ್ಪಟೆ ಚೂರುಗಳಾದ್ದರಿಂದ ಎರಡೂ ದಿಕ್ಕಿನ ಕುಗ್ಗುವಿಕೆಯಲ್ಲಿ ಅಷ್ಟು ವ್ಯತ್ಯಾಸ ಬರುವುದಿಲ್ಲ. ಬಿಗಿತ ಒಂದೂವರೆ ಪಟ್ಟಿನ ಆಸುಪಾಸು. ನಮ್ಮ ಮುಚ್ಚಳಕ್ಕೆ ಅಷ್ಟು ಸಾಕು. ಕೊರತೆ ಇಲ್ಲವೆಂದಲ್ಲ. ಉಗುರು ತಾಗಿದರೆ ಬಿಳಿ ಗೆರೆ ಬೀಳುತ್ತದೆ. ಪೆಟ್ಟು ತಾಳುವ ಶಕ್ತಿಯೂ ಇಳಿಯುತ್ತದೆ. ತೋಟದಲ್ಲಿ ತೆಂಗಿನಕಾಯಿ ಬೀಳುತ್ತದಲ್ವಾ! ಅದಕ್ಕೇ ಹೋಮೋಪಾಲಿಮರ್ ಎಂಬ ಮಾಮೂಲಿ ಪಿಪಿ ಬಿಟ್ಟು, ಪೆಟ್ಟು ತಾಳುವ ಕೋಪಾಲಿಮರ್ ಪಿಪಿಯಲ್ಲೇ ಟಾಲ್ಕ್ ಹಾಕಿಸುತ್ತೇನೆ.

ಪೆಟ್ಟಿನ ವಿಷಯದಲ್ಲಿ ಕ್ಯಾಲ್ಸಿಯಂ (ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನ ಪುಡಿ) ಮುಂದೆ, ಒಪ್ಪಬೇಕು. ಸ್ಟಿಯರಿಕ್ ಆಸಿಡ್ ಲೇಪಿಸಿದ ನುಣ್ಣನೆಯ ಪುಡಿಯಾದರೆ ಟಾಲ್ಕಿಗಿಂತ ಚೆನ್ನಾಗಿ ತಾಳುತ್ತದೆ. ಬಿಗಿತ ಮಾತ್ರ ಅಷ್ಟು ಏರುವುದಿಲ್ಲ. ಅದರ ಅಗ್ಗದ ಲೆಕ್ಕವನ್ನಂತೂ ಸರಿಯಾಗಿ ನೋಡಿ. ಕೊಳ್ಳುವುದು ಕಿಲೋದಲ್ಲಿ, ಅಚ್ಚು ತುಂಬುವುದು ಗಾತ್ರದಲ್ಲಿ. ಪಿಪಿಯ ಸಾಂದ್ರತೆ 0.9, ಕ್ಯಾಲ್ಸಿಯಂ ಪುಡಿಯದ್ದು 2.7. 40% ಹಾಕಿದರೆ ಅದೇ ಮುಚ್ಚಳ ಸುಮಾರು 36% ಭಾರವಾಗುತ್ತದೆ. ಮಾಲು ಕಿಲೋಗೆ ಕಾಲುಭಾಗ ಅಗ್ಗಕ್ಕೆ ಸಿಕ್ಕರೂ ಮುಚ್ಚಳದ ಲೆಕ್ಕದಲ್ಲಿ ಉಳಿಯುವುದು ಸೊನ್ನೆ. ಟಾಲ್ಕಿಗೂ ಇದೇ ಲೆಕ್ಕ, ಆದರೆ ಅದನ್ನು ನಾನು ಅಗ್ಗಕ್ಕೆಂದು ಕೊಳ್ಳುವುದಿಲ್ಲ.

ತೆಂಗಿನ ನಾರು ನಮ್ಮೂರಿನದ್ದೇ, ನೋಡಲೂ ಚಂದ. ಚೆನ್ನಾಗಿ ಒಣಗಿಸದಿದ್ದರೆ ಗುಳ್ಳೆ ಏಳುತ್ತದೆ, 200 ಡಿಗ್ರಿ ದಾಟಿದರೆ ಸುಟ್ಟ ವಾಸನೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಏನನ್ನು ಒಣಗಿಸುವುದು ಹೇಳಿ? ಒದ್ದೆ ನೆಲದ ಮೇಲಿರುವ ವಸ್ತುವಿಗೆ ನೀರು ಕುಡಿಯುವ ನಾರು ನನಗೆ ಬೇಡ.

ನಿಮ್ಮದು ಬಿಸಿಯ ಜಾಗದ ವಸ್ತುವಾದರೆ ಟಾಲ್ಕ್ ಸಾಲದು. ಭಾರ ಹೊತ್ತ ಪಿಪಿ 60 ಡಿಗ್ರಿಯ ಹೊತ್ತಿಗೇ ಸೋಲುತ್ತದೆ. 30% ಗ್ಲಾಸ್ ಇದ್ದು, ಎಳೆಗೂ ಪಿಪಿಗೂ ಅಂಟು ಹಿಡಿಸುವ ಮಲೇಯಿಕ್ ಪಿಪಿಯೂ ಸೇರಿದ್ದರೆ 140ರವರೆಗೆ ತಾಳುತ್ತದೆ. ಉದ್ದನೆಯ, ಸಪೂರ ವಸ್ತುಗಳಿಗೂ ಅದೇ ಸರಿ, ಎಳೆಗಳೆಲ್ಲ ಉದ್ದಕ್ಕೇ ಮಲಗುತ್ತವೆ. ಉಳಿದ ಗ್ಲಾಸ್ ಚೀಲಗಳಲ್ಲಿ ವಾಲ್ವ್ ತಿರುಗಿಸುವ ಹ್ಯಾಂಡಲ್ ಹೊಡೆಯುತ್ತಿದ್ದೇವೆ. ಸುಳ್ಯದ ಗಿರಾಕಿಗಳು ಈಗ ಅದನ್ನೂ ಕೇಳಿ ಒಯ್ಯುತ್ತಾರೆ.